ವಿಜಯಶ್ರೀ ಎಲ್ಲ ಗುಳಿಗೆ ನುಂಗಿದ್ದಳು

ವಿಜಯಪುರ ಜಿಲ್ಲೆಯ ಆಲಮೇಲದ ಸುತ್ತಮುತ್ತ ಕಬ್ಬಿನ ಕಟಾವು ಶುರುವಾದರೆ ಹೆಂಗಸರಿಗೆ ಕೂತು ಉಣ್ಣುವಷ್ಟು ಪುರುಸೊತ್ತು ಇರುವುದಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು, ಹೊಲಕ್ಕೆ ಹೋಗಬೇಕು. ಆಯಾಸವನ್ನು ಯಾರೂ ಒಂದು ಬೇನೆ ಎಂದು ಎಣಿಸುವುದಿಲ್ಲ. "ಮೈ ಭಾರ ಆಗೇತಿ", "ಕಣ್ಣಿಗೆ ಕತ್ತಲಿ ಬರ್ತೈತಿ" ಎಂಬ ಮಾತು ನಲ್ಲಿಯ ಹತ್ತಿರ ದಿನಾ ಕೇಳಿಸುತ್ತದೆ. ಕೇಳಿದವರು "ನನಗೂ ಹಂಗ ಆಗತೈತಿ" ಅಂದು ಕೊಡ ತುಂಬಿಕೊಂಡು ಹೋಗುತ್ತಾರೆ.

ಗುಂಡವ್ವನ ಸೊಸೆ ಸೌಂದರ್ಯಾಗೂ ಹಾಗೆಯೇ ಆಗುತ್ತಿತ್ತು. ಇಪ್ಪತ್ತೆರಡು ವರ್ಷದ ಹುಡುಗಿ, ಐದು ತಿಂಗಳ ಬಸುರಿ. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಗೋಡೆಗೆ ಒರಗುತ್ತಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಅತ್ತೆಗೆ ಕಾಣದಂತೆ ಅಂಗಡಿಯಿಂದ ಬಳಪ ತಂದು ಕಟಕಟನೆ ತಿನ್ನುತ್ತಿದ್ದಳು. ಯಾಕೆ ತಿನ್ನುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ತಿನ್ನದೆ ಇರಲು ಆಗುತ್ತಿರಲಿಲ್ಲ, ಅಷ್ಟೆ.

ಆಶಾ ಕಾರ್ಯಕರ್ತೆ ಸಗೀರಾ ಅದೇ ಓಣಿಯವಳು. ಒಂದು ದಿನ ಬೆಳಿಗ್ಗೆ ಬಂದು ಸೌಂದರ್ಯಾಳ ಬೆರಳು ಚುಚ್ಚಿ ರಕ್ತ ನೋಡಿದಳು.

"ಕಾಕು, ರಗತ ಏಳು ಪಾಯಿಂಟ್ ನಾಲ್ಕ ಐತಿ. ಬಸುರಿಗೆ ಹನ್ನೊಂದರಕಿಂತ ಕಡಿಮಿ ಇರಬಾರದು."

ಗುಂಡವ್ವ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

"ಹೋದ ತಿಂಗಳ ಕೊಟ್ಟ ಗುಳಿಗಿ ನುಂಗ್ಯಾಳೇನು?" ಸಗೀರಾ ಕೇಳಿದಳು.

"ಇಲ್ಲ. ನಾನ ಬ್ಯಾಡಂದೇನಿ."

"ಯಾಕ್ರಿ ಕಾಕು?"

"ಯಾಕಂತ ನೀ ಕೇಳತೀಯೇನು, ಸಗೀರಾ? ಊರಾಗ ಬ್ಯಾರೆ ಯಾರರ ಕೇಳಿದ್ರ ಹೇಳತಿದ್ದೆ. ನೀ ಕೇಳಬ್ಯಾಡ."

ಸಗೀರಾ ಗುಳಿಗೆಯ ಪಟ್ಟಿಗಳನ್ನು ಸೌಂದರ್ಯಾಳ ಕೈಗೆ ಕೊಟ್ಟು ಎದ್ದು ಹೋದಳು. ಅವಳು ಹೋದ ಮೇಲೆ ಗುಂಡವ್ವ ಆ ಪಟ್ಟಿಗಳನ್ನು ಇಸಿದುಕೊಂಡು ಟ್ರಂಕಿನಲ್ಲಿ ಹಾಕಿ ಕೀಲಿ ಹಾಕಿದಳು.

ಗುಂಡವ್ವನಿಗೆ ಒಬ್ಬ ಮಗಳಿದ್ದಳು, ವಿಜಯಶ್ರೀ. ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಗೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಮೊದಲ ಹೆರಿಗೆಗೆಂದು ಆರನೆಯ ತಿಂಗಳಲ್ಲಿ ತವರಿಗೆ ಬಂದಳು. ಬಂದ ದಿನದಿಂದ ಸಗೀರಾ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಲು ಗುಂಡವ್ವ ಬಿಡಲಿಲ್ಲ. ಮಗಳು ಹಾಸಿಗೆಯಿಂದ ಏಳುವ ಹೊತ್ತಿಗೆ ತಾನೇ ಗುಳಿಗೆ ಬಿಡಿಸಿ ಅಂಗೈಯಲ್ಲಿ ಇಡುತ್ತಿದ್ದಳು. ಸಗೀರಾ ವಾರಕ್ಕೊಮ್ಮೆ ಬಂದು ಖಾಲಿ ಪಟ್ಟಿಗಳನ್ನು ಎಣಿಸಿ, "ನೋಡ್ರಿ, ಎಲ್ಲಾರೂ ಹಿಂಗ ಇದ್ರ ನನಗ ತ್ರಾಸನ ಇರೂದಿಲ್ಲ" ಅನ್ನುತ್ತಿದ್ದಳು.

ಆದರೂ ರಕ್ತ ಏರಲಿಲ್ಲ. ಎಂಟನೆಯ ತಿಂಗಳಲ್ಲಿ ನೋಡಿದಾಗ ಆರೂವರೆ ಇತ್ತು. ಆಸ್ಪತ್ರೆಗೆ ಬಂದು ಕಬ್ಬಿಣದ ಸಲೈನ್ ಹಾಕಿಸಿಕೊಳ್ಳಿ ಅಂದರು. ಇಷ್ಟು ಗುಳಿಗೆ ನುಂಗಿದ್ದಾಳೆ, ಇನ್ನು ನಾಲ್ಕು ದಿನಕ್ಕೆ ಏರುತ್ತದೆ ಅಂದುಕೊಂಡು ಮನೆಯವರು ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಊರಿನ ಆಸ್ಪತ್ರೆಯಲ್ಲಿ ಮಗು ಸುಸೂತ್ರವಾಗಿ ಹೊರಗೆ ಬಂತು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ಯಿರೆಂದು ವಿಜಯಪುರಕ್ಕೆ ಕಳಿಸಿದರು. ಮಟಮಟ ಮಧ್ಯಾಹ್ನ. ಸಿಂದಗಿ ದಾಟಿ ಅರ್ಧ ದಾರಿ ಹೋಗುವಷ್ಟರಲ್ಲಿ, ತಾಯಿಯ ತೊಡೆಯ ಮೇಲೆ ತಲೆ ಇಟ್ಟುಕೊಂಡಿದ್ದ ವಿಜಯಶ್ರೀ, "ಅವ್ವಾ, ಥಂಡಿ ಆಗಾಕತ್ತೇತಿ" ಅಂದಳು. ಅದೇ ಅವಳ ಕೊನೆಯ ಮಾತು. ಮಗು ಉಳಿಯಿತು. ಗೊಳಸಂಗಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದೆ.

ಅಂದಿನಿಂದ ಗುಂಡವ್ವನಿಗೆ ಆ ಕೆಂಪು ಗುಳಿಗೆಯ ಮೇಲೆ ಇದ್ದ ನಂಬಿಕೆ ಪೂರಾ ಹೋಯಿತು. ಗಂಡ ಶಂಕ್ರೆಪ್ಪ ಮೊದಲೇ ಮಾತು ಕಡಿಮೆಯ ಮನುಷ್ಯ, ಮಗಳು ಹೋದ ಮೇಲೆ ಇನ್ನೂ ಕಡಿಮೆಯಾದ. ಮಗ ಧರ್ಮರಾಜ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸಗೀರಾ ಬಂದುಹೋದ ದಿನ ಊಟಕ್ಕೆ ಕೂತಾಗ ಅವನು ತಾಯಿಗೆ ಹೇಳಿ ನೋಡಿದ.

"ಅವ್ವಾ, ಏಳಕ್ಕ ಇಳದೈತಂತ. ಗುಳಿಗಿ ಕೊಡೂಣಲ್ಲ?"

"ನಿನ್ನ ತಂಗಿ ಎಷ್ಟ ನುಂಗಿದ್ಳು? ಎಂಬತ್ತಾ? ತೊಂಬತ್ತಾ? ನಾ ಎಣಿಸಿ ಕೊಟ್ಟೇನಿ. ಏನ ಆತು?"

ಧರ್ಮರಾಜ ತಟ್ಟೆ ನೋಡುತ್ತ ಕೂತ. ಒಳಗೆ ಸೌಂದರ್ಯಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಗುಳಿಗೆಯ ಹೆದರಿಕೆ ಇರಲಿಲ್ಲ. ನಾದಿನಿ ಮಲಗುತ್ತಿದ್ದ ಜಾಗದಲ್ಲೇ ಈಗ ತಾನು ಮಲಗುತ್ತಿದ್ದೇನೆ ಎಂಬ ಹೆದರಿಕೆ ಇತ್ತು.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಗುಂಡವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಗೀರಾ ಬಂದಳು. ಜೊತೆಗೆ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಹತ್ತಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಕಾಗದದ ಕಟ್ಟು.

"ಇವರು ಡಾಕ್ಟರ್ ವಸುಧಾ ಬಾಯಾರು," ಸಗೀರಾ ಹೇಳಿದಳು. "ವಿಜಯಪುರದಾಗ ರಗತದ ಸಂಶೋಧನಾ ಮಾಡತಾರ. ಊರು ಇಂಡಿ ಕಡೆ, ತಾಂಬಾ."

ವಸುಧಾ ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೆಯೇ ಕೂತರು. ಕಾಗದ ನೋಡಿಕೊಂಡು ಕೇಳಿದರು: "ಅವ್ವಾರ, ವಿಜಯಶ್ರೀ ಅನ್ನೋರು ನಿಮ್ಮ ಮಗಳೇನ್ರಿ? ಅವರ ಜೋಡಿ ಸ್ವಲ್ಪ ಮಾತಾಡೂದಿತ್ತು."

ಸಗೀರಾ ಬೆಚ್ಚಿ ವಸುಧಾರ ಮುಖ ನೋಡಿದಳು. ವಸುಧಾ ಈ ಮನೆ ತೋರಿಸು ಅಂದಿದ್ದರು, ಸೊಸೆಯ ರಕ್ತದ ವಿಷಯವಿರಬೇಕೆಂದು ಇವಳು ಕರೆತಂದಿದ್ದಳು. ಕಾಗದದಲ್ಲಿ ಯಾರ ಹೆಸರಿದೆ ಎಂದು ಕೇಳಿರಲಿಲ್ಲ.

ಗುಂಡವ್ವ ಮೊರ ಕೆಳಗಿಟ್ಟಳು.

"ಅಕಿ ಇಲ್ರಿ."

"ಗೊಳಸಂಗಿಗೆ ಹೋಗ್ಯಾರೇನ್ರಿ?"

"ಹಡದ ದಿನಾನ ತೀರಕೊಂಡ್ಳು. ಎರಡ ವರ್ಸ ಆತು."

ವಸುಧಾ ಕಾಗದ ಮಡಚಿದರು. ಆಮೇಲೆ ಅವರು, "ನನಗ ಗೊತ್ತಿರಲಿಲ್ರಿ. ತಪ್ಪಾತು. ನಾ ಬರತೇನಿ" ಅಂದು ಏಳಲು ಹೋದರು.

"ಕೂಡ್ರಿ," ಗುಂಡವ್ವ ಹೇಳಿದಳು. "ನನ್ನ ಮಗಳ ಹೆಸರು ನಿಮ್ಮ ಕಾಗದದಾಗ ಹೆಂಗ ಬಂತು?"

ವಸುಧಾ ಹೇಳಿದರು. ವಿಜಯಶ್ರೀ ಏಳು ತಿಂಗಳ ಬಸುರಿಯಿದ್ದಾಗ ಆಲಮೇಲದಲ್ಲಿ ಒಂದು ಶಿಬಿರ ನಡೆದಿತ್ತು. ಅಲ್ಲಿ ಬಸುರಿಯರು ಒಪ್ಪಿಗೆ ಕೊಟ್ಟು ಸಂಶೋಧನೆಗೆಂದು ಒಂದಿಷ್ಟು ರಕ್ತ ಕೊಟ್ಟಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆಯಿಂದ ಹಾಗೆ ಬಂದ ರಕ್ತವನ್ನು ಶೀತಪೆಟ್ಟಿಗೆಯಲ್ಲಿಟ್ಟು, ಎಲ್ಲ ಒಟ್ಟುಗೂಡಿದ ಮೇಲೆ ಪರೀಕ್ಷೆ ಮಾಡಿದ್ದರು. ಅದರ ಫಲಿತಾಂಶ ಕೈಗೆ ಬಂದದ್ದು ಈಗ.

"ಗುಳಿಗಿ ಎಲ್ಲಾ ನುಂಗಿದ್ರೂ ಮೈಯಾಗ ಕಬ್ಬಿಣ ಸೇರದ ಹೆಣ್ಣಮಕ್ಕಳು ನಲವತ್ತು ಮಂದಿ ಸಿಕ್ಕಾರ್ರಿ," ಅಂದರು. "ಯಾಕ ಹಿಂಗ ಆತು ಅಂತ ಒಬ್ಬೊಬ್ಬರ ಮನಿಗೂ ಹೋಗಿ ಕೇಳಾಕತ್ತೇನಿ. ನಿಮ್ಮದು ಹತ್ತನೇ ಮನಿ."

"ನನ್ನ ಮಗಳ ರಗತದಾಗ ಏನ ಇತ್ತ್ರಿ?"

"ಅವ್ವಾರ, ಈಗ ಅದನ್ನ ಕೇಳಿ—"

"ಹೇಳ್ರಿ. ಎರಡ ವರ್ಸದಿಂದ ನನಗ ಯಾರೂ ಹೇಳಿಲ್ಲ."

ಬಾಗಿಲ ಹಿಂದೆ ಸೌಂದರ್ಯಾ ಬಂದು ನಿಂತಳು. ಶಂಕ್ರೆಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದವನು ಮುಖ ಈ ಕಡೆ ತಿರುಗಿಸಿದ. ವಸುಧಾ ಮತ್ತೆ ನೆಲದ ಮೇಲೆ ಕೂತು ಮೆಲ್ಲಗೆ ಶುರುಮಾಡಿದರು.

"ನಮ್ಮ ರಗತ ಕೆಂಪಗ ಇರೂದು ಕಬ್ಬಿಣದಿಂದರಿ. ಅದು ಕಡಿಮಿ ಆದ್ರ ರಗತ ತೆಳ್ಳಗ ಆಗತೈತಿ, ಉಸಿರು ಮೈಗೆಲ್ಲಾ ಮುಟ್ಟೂದಿಲ್ಲ. ಹಂಗಂತ ಕಬ್ಬಿಣ ಹೆಚ್ಚಾದ್ರೂ ತ್ರಾಸನ. ಹೆಚ್ಚಾಗಿದ್ದನ್ನ ಹೊರಗ ಹಾಕಾಕ ಮೈಗೆ ದಾರಿ ಇಲ್ಲ. ಅದಕ್ಕ ಒಳಗ ಬರೂ ಕಡೆನ ಒಂದ ಬಾಗಲಾ ಐತಿ, ಕರುಳಿನಾಗ. ಆ ಬಾಗಲಾ ಮುಚ್ಚೂದು, ತೆರಿಯೂದು ಲಿವರಿನ ಕೆಲಸ. ಲಿವರ್ ಒಂದ ರಸಾ ಬಿಡತೈತಿ, ಹೆಪ್ಸಿಡಿನ್ ಅಂತ ಅದರ ಹೆಸರು. ಮೈಯಾಗ ಕಬ್ಬಿಣ ಸಾಕಷ್ಟ ಇದ್ರ ಆ ರಸಾ ಹೆಚ್ಚಾಗಿ ಬಾಗಲಾ ಮುಚ್ಚತೈತಿ. ಕಬ್ಬಿಣ ಇಲ್ಲಂದ್ರ ರಸಾ ಕಡಿಮಿ ಆಗಿ ಬಾಗಲಾ ತೆರಿತೈತಿ. ಜ್ವರ, ಕೀವು, ಒಳಗ ಏನರ ಬ್ಯಾನಿ ಇದ್ರೂ ಮುಚ್ಚಕೊಂತೈತಿ. ನಾ ಹದಿನಾಲ್ಕ ವರ್ಸದಿಂದ ಓದಾಕತ್ತಿದ್ದು ಆ ಬಾಗಲಾ ಒಂದನ್ನ."

"ನನ್ನ ಮಗಳದು ಮುಚ್ಚಿತ್ತೇನ್ರಿ?"

"ಇಲ್ರಿ. ತೆರದ ಇತ್ತು. ಪೂರಾ ತೆರದಿತ್ತು. ಅಕಿ ಮೈ ಕಬ್ಬಿಣ ಬೇಕು, ಬೇಕು ಅಂತ ಬಡಕೊಳ್ಳಾಕತ್ತಿತ್ತು. ಆದರ ಕೂಡಿಟ್ಟ ಕಬ್ಬಿಣ ಒಂದ ಚೂರೂ ಇರಲಿಲ್ಲ. ಗುಳಿಗಿ ಹೊಟ್ಟಿಗೆ ಹೋಗೇತಿ, ಬಾಗಲಾ ತೆರದೈತಿ, ಆದರ ಕಬ್ಬಿಣ ಒಳಗ ಬಂದಿಲ್ಲ. ನಡುವ ಏನೋ ಅಡ್ಡ ಬಂದೈತಿ. ಅದನ್ನ ಕೇಳಾಕ ನಾ ಬಂದದ್ದು."

ವಸುಧಾ ಇನ್ನೊಂದು ಮಾತು ಕೇಳಿದರು.

"ಗುಳಿಗಿ ಯಾವಾಗ ತಗೋತಿದ್ಳು, ಯಾತರ ಜೋಡಿ ತಗೋತಿದ್ಳು, ನೆನಪೈತೇನ್ರಿ?"

"ನೆನಪಿಲ್ದ ಏನ್ರಿ. ನಾನ ಕೊಡತಿದ್ದೆ. ಮುಂಜಾನಿ ಎದ್ದ ಕೂಡಲೆ. ಗುಳಿಗಿ ವಾಸನಿ ಬರ್ತೈತಿ, ನೀರಿನ ಜೋಡಿ ಹೋಗೂದಿಲ್ಲ ಅಂತಿದ್ಳು. ಅದಕ್ಕ ಹಾಲ ಹಾಕಿ ಚಾ ಮಾಡಿ ಕೊಡತಿದ್ದೆ, ಖಡಕ್ ಚಾ. ಚಾದ ಜೋಡಿ ನುಂಗತಿದ್ಳು. ಕೆಂಪನ್ನೂ ಬಿಳಿದನ್ನೂ ಕೂಡೇ ಕೊಟ್ಟಬಿಡತಿದ್ದೆ, ಒಂದ ಸಲಕ್ಕ ಮುಗೀಲಿ ಅಂತ. ಒಂದ ದಿನಾನೂ ತಪ್ಪಿಸಿಲ್ರಿ ನಾ."

ವಸುಧಾ ತಲೆ ತಗ್ಗಿಸಿದರು. ಅವರ ಮುಖ ನೋಡಿ ಗುಂಡವ್ವನಿಗೆ ಏನೋ ಹೊಳೆಯಿತು.

"ಯಾಕ್ರಿ? ಚಾ ಕುಡೀಬಾರದೇನ್ರಿ?"

"ಕುಡೀಬಹುದ್ರಿ. ಆದರ ಗುಳಿಗಿ ಜೋಡಿ ಅಲ್ಲ. ಚಾದಾಗ ಒಗರು ಇರತೈತಲ್ಲ, ಅದು ಕಬ್ಬಿಣ ಹಿಡಕೊಂಡ ಬಿಡತೈತಿ. ಬಾಗಲಾ ತೆರದಿದ್ರೂ ಅದು ಒಳಗ ಹೋಗಾಕ ಬರೂದಿಲ್ಲ. ಹಂಗ ಸಂಡಾಸಿನಾಗ ಹೊರಗ ಹೋಗತೈತಿ. ಹಾಲೂ ಹಂಗ. ಬಿಳಿ ಗುಳಿಗಿ ಸುಣ್ಣದ್ದು, ಕ್ಯಾಲ್ಸಿಯಂ. ಅದೂ ಕಬ್ಬಿಣಕ್ಕ ಅಡ್ಡ ಬರತೈತಿ. ಎರಡರ ನಡುವ ಎರಡ ತಾಸರ ಅಂತರ ಇರಬೇಕು."

ಗುಂಡವ್ವ ಅವರನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಅಂದ್ರ ನಾನ ಕೊಂದೆನೇನ್ರಿ, ನನ್ನ ಮಗಳನ್ನ?"

"ಇಲ್ರಿ ಅವ್ವಾರ. ಚಾ ಒಂದರಿಂದನ ಸತ್ಳು ಅಂತ ನಾ ಹೇಳಿದ್ರ ಅದು ಸುಳ್ಳಾಗತೈತಿ. ಮೊದಲನ ರಗತ ಕಡಿಮಿ ಇದ್ದಿರಬಹುದು. ಬರಿಗಾಲಿಲೆ ಹೊಲದಾಗ ಓಡಾಡಿ ಹೊಟ್ಯಾಗ ಹುಳಾ ಆಗಿ, ಅವು ರಗತ ಹೀರಿರಬಹುದು. ಹಡಿಯೂ ಮುಂದ ಯಾರಿಗರ ರಗತ ಹೋಗಬಹುದು. ಆದರ ಗುಳಿಗಿ ಯಾಕ ಕೆಲಸ ಮಾಡಲಿಲ್ಲ ಅಂತ ಕೇಳಿದ್ರ, ಹೌದ್ರಿ, ಇದಕ್ಕನ ಮಾಡಲಿಲ್ಲ. ನೀವು ಪ್ರೀತಿಲೆ ಮಾಡೀರಿ. ನಿಮಗ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು. ಚಾ ಅಡ್ಡ ಬರತೈತಿ ಅಂತ ಪುಸ್ತಕದಾಗ ಎಷ್ಟೋ ವರ್ಸದಿಂದ ಐತಿ. ಅದು ನಿಮ್ಮ ಒಲಿ ತನಕ ಬರಲಿಲ್ಲ."

ಗುಂಡವ್ವ ಎದ್ದು ಒಳಗೆ ಹೋದಳು. ಹಸನು ಮಾಡಿದ ಜೋಳ, ಮಾಡದ ಜೋಳ ಎರಡೂ ಪಡಸಾಲೆಯಲ್ಲಿ ಹಾಗೆಯೇ ಉಳಿದವು.

ಅವಳು ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಶಂಕ್ರೆಪ್ಪ ಒಂದೆರಡು ಸಲ ಹತ್ತಿರ ಹೋಗಿ ಕೂತು, ಎದ್ದು ಬಂದ. ಎರಡನೆಯ ದಿನ ಸಗೀರಾ ಬಂದಳು. ಹಾಸಿಗೆಯ ಪಕ್ಕ ಕೂತು, ಗುಂಡವ್ವ ಕೇಳಿಸಿಕೊಳ್ಳುತ್ತಾಳೋ ಇಲ್ಲವೋ ಎಂದು ನೋಡದೆ ಮಾತಾಡಿದಳು.

"ಕಾಕು, ನನಗ ತರಬೇತಿಯಾಗ ಹೇಳಿದ್ರು. ಚಾ ಜೋಡಿ ಕೊಡಬ್ಯಾಡ್ರಿ ಅಂತ. ನಾ ಎಷ್ಟೋ ಮನಿಯಾಗ ಹೇಳೇನಿ. ನಿಮ್ಮ ಮನಿಯಾಗ ಹೇಳಲಿಲ್ಲ. ಖಾಲಿ ಪಟ್ಟಿ ನೋಡಿ ಇಲ್ಲಿ ಎಲ್ಲಾ ಸರಿ ಐತಿ ಅಂದಕೊಂಡೆ. ಎಣಿಸಿಕೊಂಡ ಹೋದೆ, ಕೇಳಲಿಲ್ಲ. ನಿಮಗ ಹೆಂಗ ಮಾರಿ ತೋರಿಸಲಿ?"

ಗುಂಡವ್ವ ತಿರುಗಲಿಲ್ಲ. ಆದರೆ ಕೈ ಹಿಂದಕ್ಕೆ ಚಾಚಿ ಸಗೀರಾಳ ಸೆರಗು ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ಇದ್ದರು.

ಆ ದಿನ ಸಂಜೆ ಸೌಂದರ್ಯಾ ಅತ್ತೆಗೆ ಗಂಜಿ ತಂದಳು. ಬಟ್ಟಲು ಕೆಳಗಿಡುವಾಗ ಕಣ್ಣು ಕತ್ತಲೆ ಬಂದು ಕುಸಿದು ಕೂತಳು. ಗಂಜಿ ಚೆಲ್ಲಿತು. ಅದನ್ನು ಒರೆಸಲು ಸೆರಗು ಹಿಡಿದವಳು ಒರೆಸದೆ ಅಳತೊಡಗಿದಳು.

"ಅತ್ತಿ, ನನಗ ಹೆದರಿಕಿ ಆಗೇತ್ರಿ. ನಾನೂ ಹಂಗ ಹೋಗತೇನೇನ್ರಿ?"

ಮದುವೆಯಾಗಿ ಬಂದ ಮೇಲೆ ಸೌಂದರ್ಯಾ ಅತ್ತೆಯ ಮುಂದೆ ಅತ್ತದ್ದು ಅದೇ ಮೊದಲು. ಗುಂಡವ್ವ ಎದ್ದು ಕೂತಳು. ಸೊಸೆಯ ಮುಖ ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪಿನ ಸುಳಿವೇ ಇರಲಿಲ್ಲ. ವಿಜಯಶ್ರೀಯ ಕಣ್ಣನ್ನು ತಾನು ಹೀಗೆ ಒಂದು ಸಲವೂ ನೋಡಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

"ಧರ್ಮಾ," ಅವಳು ಮಗನನ್ನು ಕರೆದಳು. "ನಾಳೆ ಮುಂಜಾನಿ ಟ್ರ್ಯಾಕ್ಟರ್ ಬ್ಯಾಡ. ದವಾಖಾನಿಗೆ ಹೋಗೂದೈತಿ."

ಮರುದಿನ ಸಗೀರಾಳನ್ನೂ ಕರೆದುಕೊಂಡು ಸಿಂದಗಿಯ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿದರು. ಏಳಕ್ಕೆ ಇಳಿದಿತ್ತು. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕವು. ಹುಳುವಿನ ಗುಳಿಗೆ ಕೊಟ್ಟರು. ಇಷ್ಟು ಕಡಿಮೆ ಇರುವಾಗ ಗುಳಿಗೆಯೊಂದನ್ನೇ ನಂಬಿ ಕೂರುವುದು ಬೇಡವೆಂದು ಕಬ್ಬಿಣದ ಸಲೈನ್ ಹಾಕಿದರು. ಕೆಲವು ದಿನ ಬಿಟ್ಟು ಇನ್ನೊಮ್ಮೆ ಬರಲು ಹೇಳಿದರು. ಆಮೇಲೆ ಗುಳಿಗೆ ಯಾವಾಗ ಶುರುಮಾಡಬೇಕು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟರು.

ಹೋಗುವ ಮೊದಲು ಗುಂಡವ್ವ ಡಾಕ್ಟರರನ್ನು ಕೇಳಿದಳು: "ಎರಡೆರಡ ಗುಳಿಗಿ ಕೊಟ್ರ ಲಗೂ ಏರೂದಿಲ್ಲೇನ್ರಿ?"

"ಹಂಗ ಮಾಡಬ್ಯಾಡ್ರಿ," ಅವರು ಹೇಳಿದರು. "ಒಂದ ಗುಳಿಗಿ ಒಳಗ ಹೋದ ಮ್ಯಾಲ ಮೈ ತಾನ ಸ್ವಲ್ಪ ಹೊತ್ತು ಬಾಗಲಾ ಮುಚ್ಚಕೊಂತೈತಿ. ಹೆಚ್ಚಿಗಿ ನುಂಗಿದ್ದು ಹೊಟ್ಟಿನ ಕೆಡಸತೈತಿ. ನಾವು ಎಷ್ಟ ಬರದೇವಿ ಅಷ್ಟ ಕೊಡ್ರಿ."

ಮನೆಯಲ್ಲಿ ಕ್ರಮ ಬದಲಾಯಿತು. ರಾತ್ರಿ ಊಟವಾಗಿ ಒಂದು ತಾಸಿನ ಮೇಲೆ ಕೆಂಪು ಗುಳಿಗೆ, ಬರೀ ನೀರಿನ ಜೊತೆ. ಬಿಳಿ ಗುಳಿಗೆ ಮುಂಜಾನೆಯ, ಮಧ್ಯಾಹ್ನದ ಊಟದ ಜೊತೆ. ಮೊದಲ ವಾರ ಸೌಂದರ್ಯಾಗೆ ಹೊಟ್ಟೆ ತೊಳಸಿದಂತಾಗುತ್ತಿತ್ತು. ಮಲ ಕಪ್ಪಗೆ ಹೋಗುತ್ತಿದೆಯೆಂದು ಹೆದರಿದಳು. ಅದು ಗುಳಿಗೆಯ ಬಣ್ಣ, ಹೆದರಬೇಡ ಎಂದು ಸಗೀರಾ ಹೇಳಿದಳು. ಈಗ ಸಗೀರಾ ಪಟ್ಟಿ ಎಣಿಸುವ ಮೊದಲು ಬೇರೆಯೇ ಪ್ರಶ್ನೆ ಕೇಳುತ್ತಿದ್ದಳು: ಯಾವಾಗ ನುಂಗಿದಿ, ಯಾವುದರ ಜೋಡಿ ನುಂಗಿದಿ, ವಾಂತಿ ಆತೇನು, ಬಿಳಿದು ಎಷ್ಟು ಹೊತ್ತಿಗೆ ತಗೊಂಡಿ. ಊರಿನ ಎಲ್ಲ ಮನೆಯಲ್ಲೂ ಕೇಳುತ್ತಿದ್ದಳು. ಕೆಲವರು ಬೇಸರಪಡುತ್ತಿದ್ದರು. ಆದರೂ ಅವಳು ಬಿಡುತ್ತಿರಲಿಲ್ಲ.

ಇಂಡಿ, ಸಿಂದಗಿ ಕಡೆ ನಿಂಬೆಗೆ ಏನು ಬರ? ಧರ್ಮರಾಜ ಸಂತೆಯಿಂದ ಚೀಲದ ತುಂಬ ತಂದ. ಮೆಂತ್ಯೆ ಪಲ್ಯ, ರಾಜಗಿರಿ, ಮೊಳಕೆಯೊಡೆದ ಹೆಸರು, ಯಾವುದೇ ಇರಲಿ, ಗುಂಡವ್ವ ಮೇಲೆ ನಿಂಬೆಹಣ್ಣು ಹಿಂಡಿ ಸೊಸೆಗೆ ಬಡಿಸುತ್ತಿದ್ದಳು. ಹುಳಿ ಇದ್ದರೆ ಸೊಪ್ಪು, ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದು ವಸುಧಾ ಫೋನಿನಲ್ಲಿ ಹೇಳಿದ್ದರು. ಸಂಡಾಸಿಗೆ ಹೋಗುವಾಗ, ಹೊಲಕ್ಕೆ ಹೋಗುವಾಗ ಮನೆಯ ಎಲ್ಲರೂ ಚಪ್ಪಲಿ ಹಾಕಿಕೊಳ್ಳಬೇಕೆಂದು ಶಂಕ್ರೆಪ್ಪ ತಾನಾಗಿಯೇ ಹೇಳಿದ. ಬಹಳ ದಿನದ ಮೇಲೆ ಅವನು ಬಾಯಿಬಿಟ್ಟು ಆಡಿದ ಮಾತು ಅದು.

ಎರಡು ತಿಂಗಳಲ್ಲಿ ಒಂಬತ್ತು ದಾಟಿತು. ದಿನ ತುಂಬುವ ಹೊತ್ತಿಗೆ ಹತ್ತು ಪಾಯಿಂಟ್ ಎಂಟು. ಬಳಪ ತಿನ್ನುವ ಆಸೆ ಯಾವಾಗ ಹೋಯಿತೆಂದು ಸೌಂದರ್ಯಾಗೇ ಗೊತ್ತಾಗಲಿಲ್ಲ.

ಆದರೂ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಅಂಕಿ ಏರಿದಾಗಲೆಲ್ಲ ಗುಂಡವ್ವ ಒಂದು ಕ್ಷಣ ಸಮಾಧಾನಪಟ್ಟು, ಮರುಕ್ಷಣವೇ ಮಂಕಾಗುತ್ತಿದ್ದಳು. ಇಷ್ಟು ಸುಲಭದ ಕೆಲಸವಾಗಿತ್ತೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಕಷ್ಟದ್ದಾಗಿದ್ದರೆ, ಆಗದ ಮಾತಾಗಿದ್ದರೆ ಸಹಿಸಬಹುದಿತ್ತು.

ಸೌಂದರ್ಯಾಳ ಹೆರಿಗೆ ಸಿಂದಗಿಯ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಆಯಿತು. ಹೆಣ್ಣು ಮಗು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನರ್ಸಮ್ಮ ಓಡಿ ಬಂದು ಓಡಿ ಹೋದಳು. ಬಾಗಿಲು ತೆರೆದಾಗ ಗುಂಡವ್ವನಿಗೆ ನೆಲದ ಮೇಲಿನ ರಕ್ತದ ಬಟ್ಟೆಗಳು ಕಂಡವು. ಎರಡು ವರ್ಷದ ಹಿಂದೆ ಕಂಡಂಥವೇ. ಅವಳು ಗೋಡೆ ಹಿಡಿದು ಕೂತಳು.

ಮುಕ್ಕಾಲು ತಾಸಾದ ಮೇಲೆ ಡಾಕ್ಟರು ಹೊರಗೆ ಬಂದರು.

"ರಗತ ಬಾಳ ಹೋತ್ರಿ. ಇಂಜೆಕ್ಷನ್ ಕೊಟ್ಟೇವಿ, ಈಗ ನಿಂತೈತಿ. ಅಕಿ ಮೈಯಾಗ ರಗತ ಇತ್ತು, ತಡಕೊಂಡ್ಳು. ಮೊದಲ ಸಲ ಬಂದಾಗ ಇದ್ದಂಗ ಏಳ ಇದ್ದಿದ್ರ ನಾ ಈಗ ನಿಮ್ಮ ಮುಂದ ಬ್ಯಾರೆ ಮಾತ ಹೇಳಬೇಕಾಗತಿತ್ತು."

ಧರ್ಮರಾಜ ಒಳಗೆ ಹೋದ. ಗುಂಡವ್ವ ಹೋಗಲಿಲ್ಲ. ಅಲ್ಲಿಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಲ್ಲಿದ್ದವರು ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡರು. ಶಂಕ್ರೆಪ್ಪನಿಗೆ ಮಾತ್ರ ಅವಳು ಯಾರಿಗಾಗಿ ಅಳುತ್ತಿದ್ದಾಳೆಂದು ತಿಳಿಯಿತು. ಅವನು ಬಂದು ಪಕ್ಕದಲ್ಲಿ ಕೂತ.

ಬಾಣಂತನ ಮುಗಿದ ಮೇಲೆ ಒಂದು ದಿನ ವಸುಧಾ ಮಗುವನ್ನು ನೋಡಲು ಬಂದರು. ನಲವತ್ತು ಮನೆಗಳನ್ನೂ ಸುತ್ತಿ ಮುಗಿಸಿದ್ದರು. ಬಹಳ ಮನೆಗಳಲ್ಲಿ ಚಹಾ, ಕೆಲವು ಮನೆಗಳಲ್ಲಿ ಎರಡೂ ಗುಳಿಗೆ ಒಟ್ಟಿಗೆ, ಕೆಲವು ಕಡೆ ಹುಳು. ಇದನ್ನೆಲ್ಲ ಬರೆದು ದೊಡ್ಡ ವೈದ್ಯಕೀಯ ಪತ್ರಿಕೆಗೆ ಕಳಿಸುತ್ತೇನೆ ಅಂದರು.

"ಅದರಾಗ ನನ್ನ ಮಗಳ ಹೆಸರ ಬರ್ತೈತೇನ್ರಿ?" ಗುಂಡವ್ವ ಕೇಳಿದಳು.

"ಇಲ್ರಿ ಅವ್ವಾರ. ಯಾರ ಹೆಸರೂ ಬರಿಯೂದಿಲ್ಲ. ಹಂಗ ನೇಮ ಐತಿ. ಎಷ್ಟ ಮಂದಿ ಅಂತ ಅಷ್ಟ ಬರ್ತೈತಿ."

ಗುಂಡವ್ವ ಸ್ವಲ್ಪ ಯೋಚಿಸಿದಳು. "ಅದನ್ನ ನಮ್ಮೂರಾಗ ಯಾರು ಓದತಾರ್ರಿ?"

"ಯಾರೂ ಓದೂದಿಲ್ರಿ," ವಸುಧಾ ಒಪ್ಪಿಕೊಂಡರು.

"ಹಂಗಾದ್ರ ಇಲ್ಲಿ ನಾ ಹೇಳತೇನಿ," ಗುಂಡವ್ವ ಅಂದಳು.

ಮುಂದಿನ ಶನಿವಾರ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅಂಗನವಾಡಿಯಲ್ಲಿ ಸೇರಿದರು. ಗುಂಡವ್ವ ಹಿಂದೆ ಯಾವತ್ತೂ ಸಭೆಯಲ್ಲಿ ಮಾತಾಡಿದವಳಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ನನ್ನ ಮಗಳ ಹೆಸರು ವಿಜಯಶ್ರೀ," ಅಂದಳು. "ಅಕಿ ಎಲ್ಲಾ ಗುಳಿಗಿ ನುಂಗಿದ್ಳು. ನಾ ಚಾದ ಜೋಡಿ ಕೊಟ್ಟೆ. ಸಲೈನ್ ಹಾಕಸ್ರಿ ಅಂದ್ರು, ನಾ ನಾಳೆ ನೋಡೂಣ ಅಂದೆ. ನಿಮ್ಮ ಮನಿಯಾಗ ಯಾರರ ಹೊಟ್ಟಿಲೆ ಇದ್ರ, ಯಾತರ ಜೋಡಿ ಗುಳಿಗಿ ಕೊಡಾಕತ್ತೀರಿ, ಒಬ್ಬೊಬ್ಬರ ಹೇಳ್ರಿ. ನಾ ಕೇಳತೇನಿ."

ಮೂಲೆಯಲ್ಲಿ ಕೂತಿದ್ದ ಕಾಶಿಬಾಯಿ, "ನಾನೂ ಚಾದ ಜೋಡಿನ ಕೊಡಾಕತ್ತೇನಿ, ಯಕ್ಕಾ" ಅಂದಳು. ಅವಳ ಪಕ್ಕದಲ್ಲಿ ಕೂತಿದ್ದ ಬಸುರಿ ಮಗಳು ತಾಯಿಯ ಮುಖ ನೋಡಿದಳು. ಇನ್ನೊಬ್ಬಳು ಕೈ ಎತ್ತಿದಳು. ಮತ್ತೊಬ್ಬಳು. ಆ ದಿನ ಅಂಗನವಾಡಿಯಲ್ಲಿ ಕೈ ಎತ್ತಿದವರು ಹನ್ನೊಂದು ಮಂದಿ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅವ್ವಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇದೇ ನಡೆಯುತ್ತಿರಬಹುದು. ಕಬ್ಬಿಣದ ಗುಳಿಗೆಯನ್ನು ನೀರಿನ ಜೊತೆ ಕೊಡಿ. ಚಹಾ, ಕಾಫಿ, ಹಾಲು ಬೇಕಾದರೆ ಗುಳಿಗೆ ನುಂಗುವುದಕ್ಕೆ ಒಂದೆರಡು ತಾಸು ಮೊದಲು ಇಲ್ಲವೇ ಆಮೇಲೆ ಕುಡಿಯಲಿ. ಸುಣ್ಣದ ಗುಳಿಗೆಯನ್ನು ಅದರ ಜೊತೆ ಸೇರಿಸಬೇಡಿ. ಹುಳುವಿನ ಗುಳಿಗೆಯನ್ನು ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ ತೆಗೆದುಕೊಳ್ಳಿ. ನಿಮ್ಮಷ್ಟಕ್ಕೆ ನೀವೇ ಗುಳಿಗೆ ಹೆಚ್ಚು ಮಾಡಬೇಡಿ. ಸಣ್ಣ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ, ಅವರಿಗೆ ಅದು ವಿಷವಾಗಬಹುದು. ಗುಳಿಗೆ ನುಂಗಿಯೂ ರಕ್ತ ಏರದಿದ್ದರೆ ಗುಳಿಗೆಯನ್ನು ಬಯ್ದು ಬಿಟ್ಟುಬಿಡಬೇಡಿ. ಯಾಕೆ ಏರಲಿಲ್ಲ ಎಂದು ಆಸ್ಪತ್ರೆಗೆ ಹೋಗಿ ಕೇಳಿ. ಕೇಳುವುದು ನಿಮ್ಮ ಹಕ್ಕು, ಹೇಳುವುದು ಅವರ ಕೆಲಸ.

ನಿಮ್ಮ ಮನೆಯ ಹೆಣ್ಣುಮಗಳು ಆಯಾಸ ಅಂದರೆ ಅದನ್ನು ಸಣ್ಣ ಮಾತೆಂದು ತಳ್ಳಬೇಡಿ. ಈ ವಾರವೇ ಅವಳ ಬೆರಳು ಚುಚ್ಚಿಸಿ ರಕ್ತ ನೋಡಿಸಿ. ಎಷ್ಟು ಬಂತೆಂದು ಕೇಳಿ ತಿಳಿದುಕೊಳ್ಳಿ. ಕಡಿಮೆ ಬಂದರೆ ಅವತ್ತೇ ಹೊರಡಿ.